‘ಹಿಂಡು’ ಎಂಬ ಪದದ ಸಾಕ್ಷ್ಯಬಲ

1950ರ ನವೆಂಬರ್ ತಿಂಗಳ ಕೊನೆಯಲ್ಲಿ ಅಮೆರಿಕದ ಎಂಟನೆಯ ಸೇನೆ ಉತ್ತರ ಕೊರಿಯಾದಿಂದ ಹಿಮ್ಮೆಟ್ಟತೊಡಗಿದಾಗ, ಪಾಶ್ಚಾತ್ಯ ಪತ್ರಿಕೆಗಳು ಅದಕ್ಕೆ ಬಹುಮಟ್ಟಿಗೆ ಒಂದೇ ಕಾರಣವನ್ನು ಮುಂದಿಟ್ಟವು. ಚೀನೀಯರು ಹಿಂಡುಹಿಂಡಾಗಿ ಬರುತ್ತಿದ್ದಾರೆ, ಸತ್ತವರನ್ನು ತುಳಿದು ಮತ್ತೊಂದು ಅಲೆ ನುಗ್ಗುತ್ತಿದೆ ಎಂಬುದೇ ಆ ವಿವರಣೆ. ‘ಮಾನವ ಅಲೆ’ ಎಂಬ ಮಾತು ಆ ಯುದ್ಧದ ವರದಿಗಳಿಂದಲೇ ಮನೆಮಾತಾಯಿತು. ಅದನ್ನು ಓದಿದವನ ಮನಸ್ಸಿನಲ್ಲಿ ಮೂಡುವುದು ಸೈನ್ಯದ ಚಿತ್ರವಲ್ಲ, ಮಿಡತೆಗಳ ದಾಳಿಯ ಚಿತ್ರ.

ರಣರಂಗದಲ್ಲಿ ನಡೆದದ್ದು ಬೇರೆ. ಚೀನೀ ಸೈನ್ಯಕ್ಕೆ ವಿಮಾನಬಲದ ರಕ್ಷಣೆ ಇಲ್ಲದಂತೆಯೇ ಇತ್ತು. ಫಿರಂಗಿಗಳೂ ರೇಡಿಯೊಗಳೂ ವಿರಳ. ಆದ್ದರಿಂದ ಅದು ಹಗಲು ಕಾಡುಕಣಿವೆಗಳಲ್ಲಿ ಅಡಗಿ, ರಾತ್ರಿ ನಡೆಯಿತು. ಸಣ್ಣ ತುಕಡಿಗಳು ಕತ್ತಲಲ್ಲಿ ಎದುರಾಳಿಯ ಸಾಲನ್ನು ತಡಕಿ, ಎರಡು ದಳಗಳ ನಡುವಿನ ಸಂದನ್ನು ಹುಡುಕಿ, ಅಲ್ಲಿಂದ ಒಳನುಸುಳಿ ಹಿಂಬದಿಯ ರಸ್ತೆಯನ್ನು ಕಡಿದುಹಾಕುತ್ತಿದ್ದವು. ಮೊದಲು ಹಿಂದಿನ ದಾರಿ ಮುಚ್ಚುವುದು, ಆಮೇಲೆ ಮುಂದಿನಿಂದ ಹೊಡೆಯುವುದು. ವರದಿಗಳಲ್ಲಿ ಅನಾಗರಿಕ ಭೀಕರತೆಯ ಗುರುತಾಗಿ ಕಾಣಿಸಿದ ಕಹಳೆ, ಸೀಟಿಗಳು ರೇಡಿಯೊ ಇಲ್ಲದ ಸೈನ್ಯದ ಆಜ್ಞಾಸಂಕೇತಗಳಾಗಿದ್ದವು. ಅವು ಎದುರಾಳಿಯನ್ನು ಬೆಚ್ಚಿಬೀಳಿಸಿದವೆಂಬುದೂ ನಿಜವೇ. ಇದೇ ನುಸುಳುವಿಕೆಯನ್ನು ತಮ್ಮ ಕಮಾಂಡೊಗಳು ಮಾಡಿದ್ದರೆ ಅದೇ ಪತ್ರಿಕೆಗಳಲ್ಲಿ ಅದರ ಹೆಸರು ಸಾಹಸ. ಅಲ್ಲಿದ್ದ ಅಮೆರಿಕದ ಸೈನಿಕರಿಗೆ ವ್ಯತ್ಯಾಸ ತಿಳಿದಿತ್ತು: ಒಂದು ಚೀನೀ ತುಕಡಿಗೆ ಎಷ್ಟು ಹಿಂಡುಗಳು ಎಂದು ಕೇಳಿ ನಗುವುದು ಅವರ ನಡುವೆಯೇ ಚಾಲ್ತಿಗೆ ಬಂದ ಹಾಸ್ಯ.

ಹಾಗಾದರೆ ಆ ಪದ ಯಾರಿಗೆ ಬೇಕಾಗಿತ್ತು? ಅಕ್ಟೋಬರ್ 15ರಂದು ವೇಕ್ ದ್ವೀಪದಲ್ಲಿ ಜನರಲ್ ಮೆಕಾರ್ಥರ್ ಅಧ್ಯಕ್ಷ ಟ್ರೂಮನ್ ಅವರಿಗೆ ನೀಡಿದ ಭರವಸೆಯನ್ನು ಇಲ್ಲಿ ನೆನೆಯಬೇಕು. ಚೀನಾ ಹೆಚ್ಚೆಂದರೆ 50–60 ಸಾವಿರ ಜನರನ್ನು ಯಾಲು ನದಿ ದಾಟಿಸಬಲ್ಲದು, ಬಂದರೆ ಸಂಹಾರವಾಗುತ್ತಾರೆ ಎಂದಿದ್ದರು. ನಾಲ್ಕೇ ದಿನಗಳಲ್ಲಿ ದಾಟುವಿಕೆ ಆರಂಭವಾಯಿತು. ನವೆಂಬರ್ ಅಂತ್ಯಕ್ಕೆ ಅಲ್ಲಿದ್ದವರು ಸುಮಾರು ಮೂರು ಲಕ್ಷ. ಎಚ್ಚರಿಕೆಯೇ ಬಂದಿರಲಿಲ್ಲವೆನ್ನುವಂತಿಲ್ಲ. ಅಕ್ಟೋಬರ್ 2ರ ನಡುರಾತ್ರಿ ಚೌ ಎನ್‌ಲಾಯ್ ಅವರು ಪೀಕಿಂಗ್‌ನಲ್ಲಿದ್ದ ಭಾರತದ ರಾಯಭಾರಿ, ಕೇರಳದವರೇ ಆದ ಕೆ. ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೇನೆ 38ನೆಯ ಅಕ್ಷಾಂಶ ದಾಟಿದರೆ ಚೀನಾ ಮಧ್ಯಪ್ರವೇಶಿಸುವುದೆಂದು ತಿಳಿಸಿದ್ದರು. ವಾಷಿಂಗ್ಟನ್ ಅದನ್ನು ಬೆದರಿಕೆಯೆಂದು ತಳ್ಳಿಹಾಕಿತು; ಸುದ್ದಿ ತಂದ ಪಣಿಕ್ಕರ್ ನಂಬಿಕೆಗೆ ಅರ್ಹರಲ್ಲವೆಂಬ ಭಾವನೆಯೂ ಅಲ್ಲಿತ್ತು. ಚತುರನಾದ ಶತ್ರುವಿಗೆ ಸೋತರೆ ಸೇನಾಪತಿ ಉತ್ತರಿಸಬೇಕು. ಪ್ರವಾಹಕ್ಕೆ ಸೋತರೆ ಯಾರೂ ಉತ್ತರಿಸಬೇಕಾಗಿಲ್ಲ.

ಆ ಪದ ಸಂಪೂರ್ಣ ಸುಳ್ಳೆಂದು ವಾದಿಸುವುದೂ ನ್ಯಾಯವಲ್ಲ. ಆಯ್ದ ಸ್ಥಳದಲ್ಲಿ ಚೀನೀ ದಳಪತಿಗಳು ಸಂಖ್ಯಾಬಲವನ್ನು ಒಗ್ಗೂಡಿಸಿ, ಒಂದೇ ಗುಡ್ಡದ ಮೇಲೆ ಮತ್ತೆ ಮತ್ತೆ ಜನರನ್ನು ನುಗ್ಗಿಸಿದ್ದುಂಟು; 1951ರ ವಸಂತದ ದಾಳಿಯಲ್ಲಿ ಅವರ ಸಾವುನೋವು ಅಪಾರ. ಗುಂಡಿಗೆ ಎದೆಯೊಡ್ಡಿ ನಿಂತ ಅಮೆರಿಕದ ಸೈನಿಕನಿಗೆ ಅದು ಅಲೆಯಂತೆಯೇ ಕಂಡಿರಬಹುದು. ಆದರೆ ಕಂದಕದಲ್ಲಿದ್ದವನ ಅನುಭವವೊಂದು, ಸಂಪಾದಕನ ಮೇಜಿನ ಮೇಲಿನ ತೀರ್ಪೊಂದು. ಊರೂರುಗಳನ್ನು ಸುಟ್ಟ ನಪಾಮ್ ಬಾಂಬುಗಳಿಗೆ ಅಂಥ ಬಿರುದು ಯಾವುದೂ ದೊರೆಯಲಿಲ್ಲ.

ಸ್ವಪಕ್ಷದ ನಡತೆಯನ್ನು ಬರೆಯಹೊರಟವರ ಪಾಡೇನು? ಅದೇ ವರ್ಷ ಬ್ರಿಟನ್ನಿನ ‘ಪಿಕ್ಚರ್ ಪೋಸ್ಟ್’ ವಾರಪತ್ರಿಕೆಗಾಗಿ ಜೇಮ್ಸ್ ಕ್ಯಾಮರನ್ ಮತ್ತು ಛಾಯಾಗ್ರಾಹಕ ಬರ್ಟ್ ಹಾರ್ಡಿ, ದಕ್ಷಿಣ ಕೊರಿಯಾದ ಸರಕಾರ ತನ್ನ ರಾಜಕೀಯ ಕೈದಿಗಳನ್ನು ನಡೆಸಿಕೊಂಡ ರೀತಿಯನ್ನು ಸಚಿತ್ರವಾಗಿ ದಾಖಲಿಸಿದರು. ಮಾಲೀಕ ಎಡ್ವರ್ಡ್ ಹಲ್ಟನ್ ಅದರ ಪ್ರಕಟಣೆಯನ್ನು ತಡೆದರು. ಪ್ರಕಟಿಸಲೇಬೇಕೆಂದು ಹಟಹಿಡಿದ ಸಂಪಾದಕ ಟಾಮ್ ಹಾಪ್ಕಿನ್ಸನ್ ಕೆಲಸ ಕಳೆದುಕೊಂಡರು.