ಹೆಸರಿನ ಜಾಗದಲ್ಲಿ ಬಂದ ಹುಕುಂ

ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ಓದುವವರಿಗೆ ‘ಸೆಲೆಕ್ಟ್’, ‘ವೇರ್’ ಹೊಸ ಪದಗಳಲ್ಲ. ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಎಸ್‌ಕ್ಯೂಎಲ್ ಭಾಷೆಯ ಪದಗಳಿವು. ಪರೀಕ್ಷೆಯಲ್ಲಿ ಅಂಕ ತಂದುಕೊಡುವ ಇದೇ ಭಾಷೆಯಿಂದ ವೆಬ್‌ಸೈಟ್‌ಗಳಿಗೆ ಕನ್ನ ಹಾಕುವುದೂ ಉಂಟು. ಅದರ ಹೆಸರು ಎಸ್‌ಕ್ಯೂಎಲ್ ಇಂಜೆಕ್ಷನ್.

ಇದು ನಡೆಯುವುದು ಹೇಗೆ? ಕಚೇರಿಯ ಕಿಟಕಿಯಲ್ಲಿ ನೀವು ನೋಂದಣಿ ಸಂಖ್ಯೆಯ ಚೀಟಿ ಕೊಡುತ್ತೀರಿ ಎಂದುಕೊಳ್ಳಿ. ಗುಮಾಸ್ತರು ಅದರ ಮೇಲೆ ‘ಈ ಸಂಖ್ಯೆಯ ಅಂಕಪಟ್ಟಿ ಕೊಡಿ’ ಎಂದು ಬರೆದು ಒಳಗೆ ಕಳಿಸುತ್ತಾರೆ. ಒಬ್ಬ ಕಿಡಿಗೇಡಿ ಸಂಖ್ಯೆಯ ಮುಂದೆಯೇ ‘ಅಥವಾ ಎಲ್ಲರದೂ ಕೊಡಿ’ ಎಂದು ಸೇರಿಸುತ್ತಾನೆ. ಒಳಗಿದ್ದವರು ಚೀಟಿಯಲ್ಲಿದ್ದುದನ್ನೆಲ್ಲ ಗುಮಾಸ್ತರ ಹುಕುಂ ಎಂದೇ ತಿಳಿದು ಇಡೀ ಕಡತ ಹೊರಗೆ ಕೊಡುತ್ತಾರೆ. ವೆಬ್‌ಸೈಟ್‌ನಲ್ಲೂ ಹೀಗೆಯೇ. ಬಳಕೆದಾರ ಟೈಪ್ ಮಾಡಿದ ಮಾಹಿತಿಗೂ ಪ್ರೋಗ್ರಾಮಿನ ಆಜ್ಞೆಗೂ ನಡುವಿನ ಗೆರೆ ಅಳಿಸಿಹೋದಾಗ ಡೇಟಾಬೇಸ್ ಮೋಸಹೋಗುತ್ತದೆ.

ಪರಿಹಾರವೂ ಸರಳ. ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಮಾಹಿತಿಯನ್ನು ಬೇರೆಯಾಗಿ ಕಳಿಸಬೇಕು. ಆಗ ಚೀಟಿಯಲ್ಲಿ ಏನೇ ಬರೆದಿದ್ದರೂ ಅದು ಬರೀ ಸಂಖ್ಯೆ ಎಂದೇ ಹುಡುಕಲಾಗುತ್ತದೆ. ಅಂಥ ಸಂಖ್ಯೆ ಇಲ್ಲವೆಂಬ ಉತ್ತರ ಬರುತ್ತದೆ.

ಇಷ್ಟು ಗೊತ್ತಿದ್ದೂ ತಪ್ಪು ನಡೆಯುತ್ತದೆ. ವರ್ಡ್‌ಪ್ರೆಸ್, ಜೂಮ್ಲಾ, ಡ್ರುಪಲ್‌ನಂಥ ಸಿದ್ಧ ತಂತ್ರಾಂಶಗಳ ಮೇಲೆ ಲಕ್ಷಗಟ್ಟಲೆ ವೆಬ್‌ಸೈಟ್‌ಗಳು ನಿಂತಿವೆ. ಒಂದರಲ್ಲಿ ಬಿರುಕು ಬಿಟ್ಟರೆ ಎಲ್ಲ ಮನೆಗಳಿಗೂ ಒಂದೇ ಕಳ್ಳಗಿಂಡಿ. 2014ರ ಅಕ್ಟೋಬರ್ 15ರಂದು ಡ್ರುಪಲ್ 7ರಲ್ಲಿ ಇಂಥ ದೋಷ ಬಯಲಾಯಿತು. ವಿಚಿತ್ರವೆಂದರೆ, ಇಂಜೆಕ್ಷನ್ ತಡೆಯಲೆಂದೇ ಬರೆದ ಭಾಗದಲ್ಲೇ ಆ ದೋಷವಿತ್ತು. ಪಾಸ್‌ವರ್ಡ್ ಇಲ್ಲದವರೂ ಒಳನುಗ್ಗಬಹುದಿತ್ತು. ಸರಿಪಡಿಸಿದ 7.32 ಆವೃತ್ತಿ ಅದೇ ದಿನ ಬಂತು. ಬದಲಾಯಿಸಬೇಕಾದದ್ದು ಒಂದೇ ಒಂದು ಸಾಲು.

ಆದರೆ ಆ ಸಾಲನ್ನು ಕಳ್ಳರೂ ಓದಿದರು. ಎರಡು ವಾರಗಳ ನಂತರ ಡ್ರುಪಲ್ ತಂಡ ಎಚ್ಚರಿಕೆ ಕೊಟ್ಟಿತು: ಪ್ರಕಟಣೆಯಾದ 7 ಗಂಟೆಯೊಳಗೆ ಸರಿಪಡಿಸದ ಪ್ರತಿ ವೆಬ್‌ಸೈಟ್‌ಗೂ ಕನ್ನ ಬಿದ್ದಿದೆ ಎಂದೇ ಭಾವಿಸಿ. ನಮ್ಮ ಗಡಿಯಾರದಲ್ಲಿ ಆ ಗಡುವು ರಾತ್ರಿ 9:30ರಿಂದ ಬೆಳಗಿನ ಜಾವ 4:30ರವರೆಗೆ. ಹುಬ್ಬಳ್ಳಿ-ಧಾರವಾಡ ಮಲಗಿ ಏಳುವುದರೊಳಗೆ ಎಲ್ಲ ಮುಗಿದಿತ್ತು. ಕೆಲವು ಕಡೆ ಒಳಹೊಕ್ಕ ಕಳ್ಳರೇ ದೋಷ ಸರಿಪಡಿಸಿದ್ದರು, ಬೇರೆ ಕಳ್ಳರು ಬರಬಾರದೆಂದು!

ಶಾಲೆ-ಕಾಲೇಜು ವೆಬ್‌ಸೈಟ್‌ಗಳ ಹಿಂದೆ ನಮ್ಮ ಹೆಸರು, ಫೋನ್ ನಂಬರ್, ಅಂಕಗಳು ಇರಬಹುದು. ಆದ್ದರಿಂದ ವೆಬ್‌ಸೈಟ್ ಕಟ್ಟಿಸುವುದಷ್ಟೇ ಸಾಲದು. ಅಪ್‌ಡೇಟ್ ಬಂದ ದಿನವೇ ಹಾಕುವ ಹೊಣೆ ಒಬ್ಬರ ಹೆಸರಿನಲ್ಲಿರಬೇಕು. ಬೇಡವಾದ ಪ್ಲಗಿನ್‌ಗಳನ್ನು ತೆಗೆಯಬೇಕು. ಬ್ಯಾಕಪ್ ಪ್ರತಿಯನ್ನು ಬೇರೆ ಜಾಗದಲ್ಲಿ ಇಡಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ಇದನ್ನು ಓದಿ ಯಾವುದೋ ವೆಬ್‌ಸೈಟ್ ಮೇಲೆ ‘ಸುಮ್ಮನೆ ನೋಡೋಣ’ ಎಂದು ಪ್ರಯೋಗಿಸಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 66ರ ಪ್ರಕಾರ ಅನುಮತಿಯಿಲ್ಲದೆ ದುರುದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿಗೆ ನುಗ್ಗಿದರೆ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಲಿಯುವ ಆಸೆಯಿದ್ದರೆ ನಿಮ್ಮದೇ ಕಂಪ್ಯೂಟರಿನಲ್ಲಿ ಪುಟ್ಟ ಡೇಟಾಬೇಸ್ ಕಟ್ಟಿ, ಒಡೆದು, ಮತ್ತೆ ಭದ್ರಪಡಿಸಿ. ಬೇರೆಯವರ ವೆಬ್‌ಸೈಟ್‌ನಲ್ಲಿ ದೋಷ ಕಂಡರೆ ಅದರ ಮಾಲೀಕರಿಗೆ ಅಥವಾ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಿ. ಬೀಗ ಒಡೆಯಬಲ್ಲವರಿಗಿಂತ ಬೀಗ ಮಾಡಬಲ್ಲವರೇ ಈ ಊರಿಗೆ ಹೆಚ್ಚು ಬೇಕಾಗಿದ್ದಾರೆ.