ಹೊಲಿಗೆ ಮಾಯುವ ಮುನ್ನ ಇಳಿಯುವ ಆಲ್ಬುಮಿನ್

ಅಂಡಾಶಯದ ಕ್ಯಾನ್ಸರ್‌ಗೆ ದೊಡ್ಡ ಶಸ್ತ್ರಚಿಕಿತ್ಸೆ ಮುಗಿದಿದೆ. ಗಡ್ಡೆ ಹೊರಬಂದಿದೆ, ಮನೆಯವರು ನಿಟ್ಟುಸಿರು ಬಿಟ್ಟಿದ್ದಾರೆ. ಆದರೆ ಮರುದಿನದ ರಕ್ತಪರೀಕ್ಷೆ ವೈದ್ಯರನ್ನು ಮತ್ತೆ ಚಿಂತೆಗೆ ಹಚ್ಚುವುದುಂಟು: ಆಲ್ಬುಮಿನ್ ಇಳಿದಿದೆ.

ಇದು ಯಕೃತ್ತು ತಯಾರಿಸುವ ಪ್ರೋಟೀನ್. ಪರೀಕ್ಷೆಯಲ್ಲಿ ಡೆಸಿಲೀಟರಿಗೆ ಸುಮಾರು 3.5ರಿಂದ 5 ಗ್ರಾಂ ಇದ್ದರೆ ಸರಿ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವ ಕೆಲಸ ಬಹುಪಾಲು ಇದರದೇ. ಇದು ತಗ್ಗಿದವರಿಗೆ ಕಾಲು ಊದಿಕೊಳ್ಳುತ್ತದೆ, ಗಾಯ ಬೇಗ ಮಾಯುವುದಿಲ್ಲ, ಸೋಂಕಿನ ಭಯ ಹೆಚ್ಚು. ಮುಂದಿನ ಕೀಮೋಥೆರಪಿಯೂ ತಡವಾಗಬಹುದು.

ಈ ಕ್ಯಾನ್ಸರಿನಲ್ಲಿ ಹೀಗಾಗಲು ಕಾರಣಗಳಿವೆ. ರೋಗ ಸದ್ದಿಲ್ಲದೆ ಬೆಳೆದು, ಬಹುತೇಕ ಮಹಿಳೆಯರಲ್ಲಿ ಹೊಟ್ಟೆಯೊಳಗೆ ಹರಡಿದ ಮೇಲೆಯೇ ಪತ್ತೆಯಾಗುತ್ತದೆ. ಕೆಲವರ ಹೊಟ್ಟೆಯಲ್ಲಿ ಲೀಟರುಗಟ್ಟಲೆ ತುಂಬಿಕೊಳ್ಳುವುದು ಬರೀ ನೀರಲ್ಲ, ಪ್ರೋಟೀನ್ ಬೆರೆತ ದ್ರವ. ಹಸಿವು ಸತ್ತು ಊಟವೂ ಕಡಿಮೆಯಾಗಿರುತ್ತದೆ. ಅದರ ಮೇಲೆ ಗಂಟೆಗಟ್ಟಲೆಯ ಶಸ್ತ್ರಚಿಕಿತ್ಸೆ, ರಕ್ತಸ್ರಾವ. ಉರಿಯೂತದಿಂದ ಸೂಕ್ಷ್ಮ ರಕ್ತನಾಳಗಳು ಸೋರತೊಡಗಿದಾಗ ಆಲ್ಬುಮಿನ್ ಕೆಲವೇ ಗಂಟೆಗಳಲ್ಲಿ ಹೊರಗೆ ಜಾರುತ್ತದೆ.

ಯಾರಿಗೆ ಹೀಗಾದೀತೆಂದು ಮೊದಲೇ ಅಂದಾಜಿಸಬಹುದೇ?

ಅದಕ್ಕಾಗಿ ಸಂಶೋಧಕರು ಬಳಸುವ ಸಾಧನಗಳಲ್ಲೊಂದು ನಾಮೋಗ್ರಾಂ. ವಯಸ್ಸು, ಶಸ್ತ್ರಚಿಕಿತ್ಸೆಗೆ ಮುಂಚಿನ ಆಲ್ಬುಮಿನ್, ಹೊಟ್ಟೆಯ ದ್ರವದ ಪ್ರಮಾಣದಂಥ ಒಂದೊಂದು ಅಂಶಕ್ಕೂ ಇಷ್ಟಿಷ್ಟು ಅಂಕ. ಎಲ್ಲವನ್ನೂ ಕೂಡಿದರೆ ಆ ರೋಗಿಯ ಅಪಾಯ ಶೇಕಡಾ ಎಷ್ಟೆಂಬ ಅಂದಾಜು ಸಿಗುತ್ತದೆ. ಬೇರೆ ಆಸ್ಪತ್ರೆಗಳ ರೋಗಿಗಳಲ್ಲೂ ಆ ಲೆಕ್ಕ ಹೊಂದುತ್ತದೆಯೇ ಎಂದು ಪರೀಕ್ಷಿಸಿದ ನಂತರವೇ ಅದನ್ನು ನಂಬಬೇಕು.

ಅಪಾಯ ಮೊದಲೇ ತಿಳಿದರೆ ಸಿದ್ಧತೆಗೆ ಸಮಯವಿರುತ್ತದೆ. 60 ಕಿಲೋ ತೂಕದ ಇಂಥ ರೋಗಿಗೆ ದಿನಕ್ಕೆ ಸುಮಾರು 60ರಿಂದ 90 ಗ್ರಾಂ ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ. ಉಳಿದದ್ದನ್ನು ಬೇಳೆ, ಮೊಸರು, ಮೀನು, ಪ್ರೋಟೀನ್ ಪುಡಿಯಿಂದ ಹೇಗೆ ತುಂಬಿಸುವುದೆಂದು ಆಹಾರತಜ್ಞರು ಶಸ್ತ್ರಚಿಕಿತ್ಸೆಗೆ ಮೊದಲೇ ಮನೆಯವರೊಂದಿಗೆ ಕೂತು ಯೋಜಿಸಬಹುದು.