ಛಾಯೆಯಿಂದ ನೆಲದಳತೆ

ಭೂಮಾಪಕನಿಗೆ ಬೇಕಾದವು ಎರಡು: ದೂರ ಮತ್ತು ಕೋನ. ಬಯಲಿನಲ್ಲಿ ಸರಪಳಿಯಿಂದ ದೂರವನ್ನೂ ಥಿಯೋಡೊಲೈಟಿನಿಂದ ಕೋನವನ್ನೂ ಅಳೆಯಬಹುದು. ಆದರೆ ದುರ್ಗಮ ಪರ್ವತಗಳಲ್ಲಿ ಒಂದೊಂದು ಬಿಂದುವನ್ನೂ ಹೀಗೆ ಅಳೆಯುತ್ತ ಹೋದರೆ ಒಂದು ಆಯುಷ್ಯ ಸಾಲದು. ಈ ತೊಡಕಿಗೆ ಛಾಯಾಚಿತ್ರದಲ್ಲಿ ಪರಿಹಾರವನ್ನು ಕಂಡವರಲ್ಲಿ ಅಗ್ರಗಣ್ಯನು ಫ್ರಾನ್ಸಿನ ಸೇನಾ ಎಂಜಿನಿಯರ್ ಎಮೆ ಲೋಸೆದಾ (1819–1907). ಜರ್ಮನಿಯ ಆಲ್ಬ್ರೆಕ್ಟ್ ಮೈಡನ್‌ಬಾವರ್ 1867ರಲ್ಲಿ ಈ ವಿದ್ಯೆಗೆ ‘ಫೋಟೋಗ್ರಾಮೆಟ್ರಿ’ ಎಂಬ ಹೆಸರನ್ನು ಬಳಕೆಗೆ ತಂದನು. ಬೆಳಕು, ಬರಹ, ಅಳತೆ ಎಂಬ ಮೂರು ಗ್ರೀಕ್ ಧಾತುಗಳು ಅದರಲ್ಲಿ ಕೂಡಿವೆ. ಗ್ರೀಕ್ ಮೂಲದ ‘ಫೋಟೋ’ದಲ್ಲಿ ಬೆಳಕಿದ್ದರೆ ನಮ್ಮ ‘ಛಾಯಾಚಿತ್ರ’ದಲ್ಲಿ ನೆರಳಿದೆ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ತತ್ತ್ವ ಸರಳವಾದುದು. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಸಮಮಟ್ಟದಲ್ಲಿ ನಿಲ್ಲಿಸಬೇಕು. ಮಸೂರಕ್ಕೂ ಗಾಜಿನ ಫಲಕಕ್ಕೂ ನಡುವಣ ಅಂತರ ಬದಲಾಗಬಾರದು, ಅದರ ಅಳತೆ ತಿಳಿದಿರಬೇಕು. ಫಲಕದ ನಡುವಣ ಲಂಬರೇಖೆಯಿಂದ ಶಿಖರದ ಬಿಂಬ ಎಷ್ಟು ದೂರವಿದೆಯೆಂದು ಅಳೆದು, ಅದನ್ನು ಆ ಅಂತರದಿಂದ ಭಾಗಿಸಿದರೆ ಶಿಖರದ ದಿಕ್ಕಿನ ಕೋನದ ಟ್ಯಾಂಜೆಂಟ್ ದೊರೆಯುತ್ತದೆ. ಅಳತೆ ಗೊತ್ತಿರುವ ಆಧಾರರೇಖೆಯ ಎರಡು ತುದಿಗಳಿಂದ ಚಿತ್ರ ತೆಗೆದರೆ ಎರಡು ದೃಷ್ಟಿರೇಖೆಗಳು ಕೂಡುವಲ್ಲಿ ಶಿಖರದ ಸ್ಥಾನ ನಿಶ್ಚಿತವಾಗುತ್ತದೆ. ದಿಗಂತರೇಖೆಯಿಂದ ಬಿಂಬ ಎಷ್ಟು ಮೇಲಿದೆ ಎಂಬುದರಿಂದ ಎತ್ತರವೂ ತಿಳಿಯುತ್ತದೆ. ಬೆಟ್ಟದ ಮೇಲೆ ವಾರಗಟ್ಟಲೆ ಮಾಡಬೇಕಾದ ಕೆಲಸದ ಬಹುಭಾಗ ಹೀಗೆ ಮೇಜಿನ ಮೇಲಕ್ಕೆ ಬಂದಿತು.

ಇದರ ಪೂರ್ಣ ಪ್ರಯೋಜನವನ್ನು ಪಡೆದ ದೇಶ ಕೆನಡಾ. ಅಲ್ಲಿಯ ರಾಕಿ ಪರ್ವತಗಳಲ್ಲಿ ಹಿಮ ಕರಗಿ ಕೆಲಸಕ್ಕೆ ಅನುವಾಗುವ ಕಾಲ ಬಹು ಅಲ್ಪ. ಸರ್ವೇಯರ್ ಜನರಲ್ ಎಡುವಾರ್ ದೆವಿಲ್ 1880ರ ದಶಕದಲ್ಲಿ ಈ ಪದ್ಧತಿಯನ್ನು ಅಲ್ಲಿ ಜಾರಿಗೆ ತಂದನು. ಬೇಸಗೆಯಲ್ಲಿ ಶಿಖರಗಳನ್ನೇರಿ ಚಿತ್ರ ತೆಗೆಯುವುದು, ಚಳಿಗಾಲದಲ್ಲಿ ಕಚೇರಿಯಲ್ಲಿ ಕುಳಿತು ನಕ್ಷೆ ಬರೆಯುವುದು ರೂಢಿಯಾಯಿತು. 1913ರಲ್ಲಿ ತೊಡಗಿದ ಆಲ್ಬರ್ಟಾ–ಬ್ರಿಟಿಷ್ ಕೊಲಂಬಿಯಾ ಗಡಿಯ ಮೋಜಣಿಯೂ ಈ ಕ್ರಮವನ್ನೇ ಅನುಸರಿಸಿತು.

ನಕ್ಷೆ ಸಿದ್ಧವಾದ ಮೇಲೆ ಫಲಕಗಳ ಕೆಲಸ ಮುಗಿಯಿತೆಂದೇ ತೋರಿತ್ತು. ಆದರೆ ಕೆನಡಾದ ಇಂದಿನ ಸಂಶೋಧಕರು ಅದೇ ಶಿಖರಗಳಲ್ಲಿ, ಅದೇ ಸ್ಥಳಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆಯುತ್ತಿದ್ದಾರೆ. ಗಡಿಯ ಮೋಜಣಿದಾರರು 1917ರಲ್ಲಿ ಸೆರೆಹಿಡಿದ ಅಥಾಬಾಸ್ಕಾ ಹಿಮನದಿಯನ್ನು ಇಂದಿನ ಚಿತ್ರದೊಡನೆ ಇಟ್ಟು ನೋಡಿದರೆ, ಅಂದು ಹಿಮವಿದ್ದಲ್ಲಿ ಇಂದು ಬರಿಯ ಕಲ್ಲು ಕಾಣುತ್ತದೆ. ನಕ್ಷೆಯಲ್ಲಿ ಉಳಿಯುವುದು ಅದನ್ನು ಬರೆದವನು ಆರಿಸಿಕೊಂಡ ವಿವರ ಮಾತ್ರ. ಫಲಕದಲ್ಲಿ ಆತ ಕೇಳದಿದ್ದ ಪ್ರಶ್ನೆಗೂ ಉತ್ತರ ಉಳಿದಿತ್ತು. ಹಳೆಯ ದಾಖಲೆಗಳನ್ನು ಬಳಸಿ ಮುಗಿಯಿತೆಂದು ಎಸೆಯಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.